ಹಳೆಯ ಪದ್ಮಿನಿಗೆ ಬಿಟ್ಟು ಬಿಟ್ಟು ಒರೆಸುವ ವೈಪರ್: ಯಾರಾದರೂ ಹಾಕಿಸಿದ್ದೀರಾ?

ತೀರ್ಥಹಳ್ಳಿ_ಪದ್ಮಿನಿ · ಶನಿವಾರ ಬೆಳಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1979ರ ಪ್ರೀಮಿಯರ್ ಪದ್ಮಿನಿ ಇದೆ. ಅಪ್ಪಯ್ಯ ಕೊಂಡದ್ದು, ಈಗಲೂ ಓಡಿಸುವವರು ಅವರೇ. ತೊಂದರೆ ಕೊಡುತ್ತಿರುವುದು ಮಳೆ. ಜಡಿಮಳೆಯಲ್ಲ, ಅದಕ್ಕೆ ವೈಪರ್ ಹಾಕಿ ಬಿಟ್ಟರಾಯಿತು. ಬೆಳಗ್ಗೆ ಹಿಡಿದರೆ ಸಂಜೆಯವರೆಗೂ ಬಿಡದ ಸೋನೆ ಇದೆಯಲ್ಲ, ಅದು. ವೈಪರ್ ಹಾಕಿದರೆ ಎರಡನೆಯ ಬೀಸಿಗೇ ಗಾಜು ಒಣಗಿ ರಬ್ಬರು ಕಿರ್ರೆನ್ನುತ್ತದೆ. ಹಾಕದಿದ್ದರೆ ಹತ್ತು ಎಣಿಸುವುದರೊಳಗೆ ಎದುರಿನ ಬಸ್ಸು ಮಸುಕಾಗುತ್ತದೆ.

ಅಪ್ಪಯ್ಯ ಇದಕ್ಕೆ ತಮ್ಮದೇ ದಾರಿ ಮಾಡಿಕೊಂಡಿದ್ದಾರೆ. ಒಂದು ಕೈ ಸ್ಟಿಯರಿಂಗ್ ಮೇಲೆ, ಇನ್ನೊಂದು ಕೈಯ ಬೆರಳು ವೈಪರ್ ಸ್ವಿಚ್ಚಿನ ಮೇಲೆ. ಹಾಕುತ್ತಾರೆ, ಕಡ್ಡಿ ಹೋಗಿ ಬಂದು ಕೆಳಗೆ ಮುಟ್ಟುವ ಹೊತ್ತಿಗೆ ಸರಿಯಾಗಿ ಆರಿಸುತ್ತಾರೆ. ಎಂಟು ಹತ್ತು ಸೆಕೆಂಡು ಬಿಟ್ಟು ಮತ್ತೆ. ಸ್ವಲ್ಪ ಹೆಚ್ಚು ಕಡಿಮೆಯಾದರೆ ಕಡ್ಡಿ ಗಾಜಿನ ನಡುವೆಯೇ ನಿಲ್ಲುತ್ತದೆ, ಆದರೆ ಅವರ ಕೈಯಲ್ಲಿ ಅದು ತಪ್ಪಿದ್ದನ್ನು ನಾನು ಕಂಡಿಲ್ಲ. ಈಗ ಅವರಿಗೆ 74 ವರ್ಷ. ಗೇರು ಬೇರೆ ಸ್ಟಿಯರಿಂಗ್ ಪಕ್ಕದ್ದೇ. ಆಗುಂಬೆ ಘಾಟಿಯ ತಿರುವಿನಲ್ಲಿ ಎರಡು ಕೈಗೆ ಮೂರು ಕೆಲಸವಾಗುತ್ತದೆ, ನೋಡುವ ನನಗೆ ಜೀವ ಬಾಯಿಗೆ ಬರುತ್ತದೆ.

ಹೊಸ ಕಾರುಗಳಲ್ಲಿರುವಂತೆ ತಾನಾಗಿಯೇ ಬಿಟ್ಟು ಬಿಟ್ಟು ಒರೆಸುವ ಏರ್ಪಾಟನ್ನು ಇದಕ್ಕೆ ಹಾಕಬಹುದೇ? ಡ್ಯಾಶ್‌ಬೋರ್ಡಿಗೆ ತೂತು ಕೊರೆಯುವಂತಿಲ್ಲ, ಅದು ಅಪ್ಪಯ್ಯನ ಷರತ್ತು.

ಸೋನೆಮಳೆ

ನಿಮ್ಮ ತಂದೆಯವರೇ ಟೈಮರ್. ಅವರನ್ನೇಕೆ ಬದಲಾಯಿಸುತ್ತೀರಿ?

ಎಸ್ಪಿರೋಡ್_ಸರ್ಕ್ಯೂಟ್

ಖಂಡಿತ ಹಾಕಬಹುದು. ಒಂದು 555 ಐಸಿ (ಕಾಲ ಎಣಿಸುವ ಚಿಪ್ಪು), ಒಂದು ರಿಲೇ (ಕರೆಂಟು ಕೊಟ್ಟರೆ ತಾನೇ ಎಳೆದುಕೊಳ್ಳುವ ಸ್ವಿಚ್ಚು), ಒಂದು ಪೊಟೆನ್ಷಿಯೋಮೀಟರ್ (ತಿರುಗಿಸಿ ಹೆಚ್ಚು ಕಡಿಮೆ ಮಾಡುವ ರೆಸಿಸ್ಟರ್). ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾವ ಅಂಗಡಿಯಲ್ಲಿ ಕೇಳಿದರೂ ಕೊಡುತ್ತಾರೆ. ನಾಳೆ ವಿವರವಾಗಿ ಬರೆಯುತ್ತೇನೆ.

ಮೂಲರೂಪ

ದಯವಿಟ್ಟು ಬೇಡ. 1979ರ ಪದ್ಮಿನಿಯನ್ನು ಮುಂಬೈಯ ಕುರ್ಲಾದ ಕಾರ್ಖಾನೆಯಿಂದ ಬಂದಂತೆಯೇ ಉಳಿಸಿಕೊಂಡವರು ಬೆರಳೆಣಿಕೆಯಷ್ಟು ಮಂದಿ. ಇಂದು ವೈಪರ್ ಟೈಮರ್, ನಾಳೆ ಎಲ್‌ಇಡಿ ದೀಪ, ನಾಡಿದ್ದು ಪವರ್ ಕಿಟಕಿ. ಕೊನೆಗೆ ಉಳಿಯುವುದು ಪದ್ಮಿನಿಯ ತಗಡು ಮಾತ್ರ. ಮಳೆಯಲ್ಲಿ ಹೊರಡಲೇಬೇಕಾದರೆ ಬೇರೆ ಕಾರಿನಲ್ಲಿ ಹೋಗಿ.

ತೀರ್ಥಹಳ್ಳಿ_ಪದ್ಮಿನಿ

ತೀರ್ಥಹಳ್ಳಿಯಲ್ಲಿ ಮಳೆ ಬಂದಾಗ ಕಾರು ಹೊರಗೆ ತೆಗೆಯಬಾರದು ಎಂದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಅದು ಕೊಟ್ಟಿಗೆಯಲ್ಲೇ ಇರಬೇಕಾಗುತ್ತದೆ ಸರ್. ಇದು ಪ್ರದರ್ಶನದ ಕಾರಲ್ಲ, ಅಡಿಕೆ ಮಂಡಿಗೂ ಮದುವೆ ಮನೆಗೂ ಹೋಗುವ ಕಾರು.

ಬಯಲುಸೀಮೆ

ಚಳ್ಳಕೆರೆಯಿಂದ ಓದುತ್ತಿದ್ದೇನೆ. ನನ್ನ ಕಾರಿನ ವೈಪರ್ ಕೊನೆಯ ಸಲ ಯಾವಾಗ ಹಾಕಿದೆ ಎಂದು ನೆನಪಿಲ್ಲ. ನಿಮ್ಮ ಕಷ್ಟ ಕೇಳಿ ಹೊಟ್ಟೆಕಿಚ್ಚಾಗುತ್ತಿದೆ.

ಹಳೇ_ಗ್ಯಾರೇಜ್

ನಲವತ್ತು ವರ್ಷ ದಾವಣಗೆರೆಯಲ್ಲಿ ಆಟೋ ವೈರಿಂಗ್ ಕೆಲಸ ಮಾಡಿದವನು ನಾನು. ಟೈಮರ್ ಮಾತು ಆಮೇಲೆ ಆಡೋಣ. ಮೊದಲ ಪೋಸ್ಟಿನಲ್ಲಿ ಒಂದು ಸಾಲಿದೆ, ಅದನ್ನು ಯಾರೂ ಗಮನಿಸಿದಂತಿಲ್ಲ: ಆರಿಸಿದರೆ ಕಡ್ಡಿ ಗಾಜಿನ ನಡುವೆ ನಿಲ್ಲುತ್ತದೆ.

ಸ್ವಸ್ಥವಾಗಿರುವ ವೈಪರ್ ಮೋಟರು ಹಾಗೆ ನಿಲ್ಲಬಾರದು. ಮೋಟರಿನ ಗೇರಿನ ಮೇಲೆ ಒಂದು ತಟ್ಟೆ, ಅದಕ್ಕೆ ಒರಗಿಕೊಂಡು ಸಣ್ಣ ತಾಮ್ರದ ಸಂಪರ್ಕ ಇರುತ್ತದೆ. ಕಡ್ಡಿ ಕೆಳಗಿನ ಜಾಗ ಬಿಟ್ಟು ಕದಲಿದ ಕೂಡಲೇ ಆ ಸಂಪರ್ಕದ ಮೂಲಕ ಮೋಟರಿಗೆ ಬೇರೆ ದಾರಿಯಲ್ಲಿ ಕರೆಂಟು ಸಿಗುತ್ತದೆ. ನೀವು ಸ್ವಿಚ್ಚು ಆರಿಸಿದರೂ ಮೋಟರು ಆ ಸುತ್ತನ್ನು ಮುಗಿಸಿ, ಮನೆಗೆ ಬಂದೇ ನಿಲ್ಲುತ್ತದೆ. ಇದಕ್ಕೆ ಪಾರ್ಕಿಂಗ್ ಎನ್ನುತ್ತೇವೆ. ಬಿಟ್ಟು ಬಿಟ್ಟು ಒರೆಸುವ ಯಾವ ಟೈಮರ್ ಆದರೂ ಇದನ್ನೇ ನಂಬಿಕೊಂಡಿದೆ. ಟೈಮರ್ ಅರ್ಧ ಸೆಕೆಂಡು ತಳ್ಳಿ ಬಿಡುತ್ತದೆ, ಉಳಿದ ಬೀಸನ್ನು ಮೋಟರು ತಾನೇ ಮುಗಿಸುತ್ತದೆ. ಪಾರ್ಕಿಂಗ್ ಇಲ್ಲದ ಮೋಟರಿಗೆ ಟೈಮರ್ ಹಾಕಿದರೆ ಕಡ್ಡಿ ಪ್ರತಿ ಸಲವೂ ಕಣ್ಣಿನ ಎದುರಿಗೇ ಬಂದು ನಿಂತುಕೊಳ್ಳುತ್ತದೆ.

ಮೋಟರು ಬಿಚ್ಚಿ, ಅದರಿಂದ ಎಷ್ಟು ವೈರು ಹೊರಬಂದಿವೆ ಎಂದು ಎಣಿಸಿ ಹೇಳಿ. ಬಿಚ್ಚುವಾಗ ಬ್ಯಾಟರಿಯ ತಂತಿ ತೆಗೆಯಿರಿ. ಕಡ್ಡಿಗಳ ತೋಳಿನ ನಡುವೆ ಬೆರಳಿಟ್ಟಿದ್ದಾಗ ಯಾರೋ ಸ್ವಿಚ್ಚು ಹಾಕಿ ನನ್ನ ಶಿಷ್ಯನೊಬ್ಬನ ಉಗುರು ಹೋಗಿತ್ತು. ಅದು ಸಣ್ಣ ಮೋಟರು, ಆದರೆ ಗೇರಿನ ಬಲ ದೊಡ್ಡದು.

ಕಾಫಿತೋಟದ_ಜೀಪು

ನೀವೆಲ್ಲ ಪುಣ್ಯವಂತರು, ಕರೆಂಟಿನ ಮೋಟರಿದೆ. ನಮ್ಮ ತೋಟದ ಹಳೆಯ ವಿಲ್ಲೀಸ್ ಜೀಪಿನದು ನಿರ್ವಾತದ ವೈಪರ್. ಎಂಜಿನ್ ಗಾಳಿ ಎಳೆದುಕೊಳ್ಳುವ ಬಲದಿಂದಲೇ ನಡೆಯುತ್ತದೆ. ಮಡಿಕೇರಿ ಏರು ಹತ್ತುವಾಗ ಆಕ್ಸಿಲರೇಟರ್ ತುಳಿದಷ್ಟೂ ಎಳೆತ ಕಡಿಮೆಯಾಗಿ ವೈಪರ್ ನಿಂತೇ ಹೋಗುತ್ತದೆ. ಕಾಲು ತೆಗೆದ ಕೂಡಲೇ ದೆವ್ವ ಹೊಕ್ಕವರಂತೆ ಬಡಿದುಕೊಳ್ಳುತ್ತದೆ. ಅಂದರೆ ನನ್ನ ಬಳಿ ಈಗಾಗಲೇ ಬಿಟ್ಟು ಬಿಟ್ಟು ಒರೆಸುವ ವೈಪರ್ ಇದೆ, ನನಗೆ ಬೇಕಾದಾಗ ಒರೆಸುವುದಿಲ್ಲ ಅಷ್ಟೇ.

ಸೋನೆಮಳೆ

ವೈಪರ್‌ಗೋಸ್ಕರ ಏರಿನಲ್ಲಿ ಆಕ್ಸಿಲರೇಟರ್ ಬಿಡುವ ಚಾಲಕರನ್ನು ಹಿಂದಿನ ಲಾರಿಯವರು ಏನೆಂದು ಬೈಯುತ್ತಾರೆ?

ಕಾಫಿತೋಟದ_ಜೀಪು

ಇಲ್ಲಿ ಬರೆಯುವಂತಿಲ್ಲ.

ಅಂಬಿ_ಮೈಸೂರು

ಲಾರಿ ಎಂದಾಗ ನೆನಪಾಯಿತು. ನಮ್ಮ ಮಾವನವರು ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸುತ್ತಿದ್ದ ಕಾಲದಲ್ಲಿ ವೈಪರ್ ಕೆಟ್ಟರೆ ಬೀಡಿ ಬಿಚ್ಚಿ, ಅದರ ತಂಬಾಕನ್ನು ಒದ್ದೆ ಮಾಡಿ ಗಾಜಿಗೆ ತಿಕ್ಕುತ್ತಿದ್ದರಂತೆ. ನೀರು ಹನಿಯಾಗಿ ನಿಲ್ಲದೆ ತೆಳ್ಳಗೆ ಹರಡಿ ಇಳಿದುಹೋಗುತ್ತದೆ, ದಾರಿ ಕಾಣುತ್ತದೆ. ಕೆಲವರು ಹೆಚ್ಚಿದ ಆಲೂಗೆಡ್ಡೆ ತಿಕ್ಕುತ್ತಿದ್ದರು.

ಬಯಲುಸೀಮೆ

ಆಲೂಗೆಡ್ಡೆ ನಾನೂ ಕೇಳಿದ್ದೇನೆ. ತಂಬಾಕು ಮಾತ್ರ ಬೀಡಿ ಸೇದಲು ಹುಡುಕಿದ ನೆಪ ಎಂದು ನನ್ನ ಅನುಮಾನ.

ಅಂಬಿ_ಮೈಸೂರು

ನೆಪವಲ್ಲ, ನಾನೇ ಮಾಡಿ ನೋಡಿದ್ದೇನೆ. ಅರ್ಧ ಗಂಟೆ ನಿಲ್ಲುತ್ತದೆ. ವಾಸನೆ ಒಂದು ವಾರ.

ಎಸ್ಪಿರೋಡ್_ಸರ್ಕ್ಯೂಟ್ · ಭಾನುವಾರ

ಹೇಳಿದಂತೆ ವಿವರ. 555ಕ್ಕೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಅದು ತುಂಬುವ ದಾರಿಯಲ್ಲಿ 10 ಕಿಲೋಓಮ್ ರೆಸಿಸ್ಟರ್, ಖಾಲಿಯಾಗುವ ದಾರಿಯಲ್ಲಿ 220 ಕಿಲೋಓಮ್ ಪೊಟೆನ್ಷಿಯೋಮೀಟರ್ ಮತ್ತು ಅದರ ಜೊತೆಗೆ ಸಾಲಾಗಿ 22 ಕಿಲೋಓಮ್. ಎರಡು ದಾರಿ ಬೇರೆಯಾಗಲು ಒಂದು ಡಯೋಡ್, ಅದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಕಾಲಕ್ಕೆ ಸೂತ್ರ ಸುಲಭ: 0.69 ಗುಣಿಸು ರೆಸಿಸ್ಟರ್ ಗುಣಿಸು ಕೆಪಾಸಿಟರ್. ತುಂಬಲು ಸುಮಾರು 0.7 ಸೆಕೆಂಡು, ಅಷ್ಟು ಹೊತ್ತು ರಿಲೇ ಎಳೆದಿರುತ್ತದೆ. ಖಾಲಿಯಾಗಲು ಪೊಟೆನ್ಷಿಯೋಮೀಟರಿನ ತಿರುಪು ಒಂದು ಕೊನೆಯಲ್ಲಿದ್ದರೆ ಒಂದೂವರೆ ಸೆಕೆಂಡು, ಇನ್ನೊಂದು ಕೊನೆಯಲ್ಲಿದ್ದರೆ ಸುಮಾರು 17 ಸೆಕೆಂಡು. ಸೋನೆಗೆ ಬೇಕಾದದ್ದು ಈ ನಡುವೆಯೇ ಎಲ್ಲೋ ಇರುತ್ತದೆ. ಹಳೆಯ ಕಾರಿನ ವೋಲ್ಟೇಜು ಕುಣಿಯುತ್ತದೆ, ಆದ್ದರಿಂದ 7809 ರೆಗ್ಯುಲೇಟರ್ ಹಾಕಿ 9 ವೋಲ್ಟ್ ಮಾಡಿಕೊಳ್ಳಿ. 555 ಹೊರಗೆ 200 ಮಿಲಿಆಂಪ್ ಕೊಡಬಲ್ಲದು, ರಿಲೇಯನ್ನು ನೇರವಾಗಿಯೇ ಕಟ್ಟಬಹುದು.

ಡೆಟ್ರಾಯ್ಟ್_ಕನ್ನಡಿಗ

ಒಂದು ತಿದ್ದುಪಡಿ. 9 ವೋಲ್ಟಿನಲ್ಲಿ ನಡೆಯುವ 555ರ ಹೊರದಾರಿಯಲ್ಲಿ, ಅಷ್ಟು ಕರೆಂಟು ಎಳೆದಾಗ, 7 ವೋಲ್ಟು ಸಿಕ್ಕರೆ ಹೆಚ್ಚು. 12 ವೋಲ್ಟಿನ ಕಾರ್ ರಿಲೇ ಅದಕ್ಕೆ ಎಳೆಯುತ್ತದೆ ಎಂಬ ಭರವಸೆ ಇಲ್ಲ. ನಡುವೆ ಒಂದು ಟ್ರಾನ್ಸಿಸ್ಟರ್, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಡೆಸುವ ಭಾಗ, ಬೇಕೇಬೇಕು. ಬಿಸಿ547 ಬೇಡ, ಅದರ ಮಿತಿ 100 ಮಿಲಿಆಂಪ್, ಇಂಥ ರಿಲೇಯ ಸುರುಳಿ ಸುಮಾರು 150 ಕೇಳುತ್ತದೆ. ಬಿಸಿ337 ಸಾಕು. ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡ್ ಮರೆಯಬೇಡಿ, ಇಲ್ಲದಿದ್ದರೆ ರಿಲೇ ಬಿಟ್ಟ ಮೊದಲ ಸಲವೇ ಟ್ರಾನ್ಸಿಸ್ಟರ್ ಸತ್ತಿರುತ್ತದೆ.

ಎಸ್ಪಿರೋಡ್_ಸರ್ಕ್ಯೂಟ್

ಒಪ್ಪಿದೆ. ಮೇಜಿನ ಮೇಲೆ ಸಣ್ಣ ರಿಲೇ ಇಟ್ಟು ನೋಡಿದ್ದೆ, ಕಾರಿನ ರಿಲೇ ಅಲ್ಲ. ನನ್ನ ಡಬ್ಬಿಯಲ್ಲಿ ಹಳೆಯ ಎಸ್‌ಎಲ್100 ಟ್ರಾನ್ಸಿಸ್ಟರುಗಳಿವೆ. ಪದ್ಮಿನಿಯ ವಯಸ್ಸಿಗೆ ಅದೇ ಸರಿಯಾದ ಜೋಡಿ. ಮೂಲರೂಪ ಸರ್‌ಗೂ ಸಮಾಧಾನವಾದೀತು.

ಮೂಲರೂಪ

ಆಗಲಿಲ್ಲ.

ಸೋನೆಮಳೆ

ಎಡ ಬಲ ತಿರುವಿನ ದೀಪಕ್ಕೆ ಹಾಕುವ ಫ್ಲಾಶರ್ ಇದೆಯಲ್ಲ, ಅದನ್ನೇ ವೈಪರ್ ದಾರಿಯಲ್ಲಿ ಹಾಕಿದರೆ ಆಗದೇ? ಅದೂ ಬಿಟ್ಟು ಬಿಟ್ಟು ತಾನೇ ನಡೆಯುವುದು?

ಹಳೇ_ಗ್ಯಾರೇಜ್

ಅದನ್ನೂ ಮಾಡಿದವರನ್ನು ನೋಡಿದ್ದೇನೆ ತಮ್ಮಾ. ಫ್ಲಾಶರ್ ನಿಮಿಷಕ್ಕೆ ಎಂಬತ್ತು ತೊಂಬತ್ತು ಸಲ ಬಡಿಯುತ್ತದೆ. ವೈಪರಿನ ಒಂದು ಬೀಸಿಗೇ ಒಂದು ಸೆಕೆಂಡಿಗಿಂತ ಹೆಚ್ಚು ಬೇಕು. ಕಡ್ಡಿ ಎಡವಿ ಎಡವಿ ನಡೆಯುವ ಹೊರತು ನಡುವೆ ಬಿಡುವು ಸಿಗುವುದಿಲ್ಲ.

ಡೆಟ್ರಾಯ್ಟ್_ಕನ್ನಡಿಗ

ವಿಷಯ ಬಂದಿದೆ, ಆದ್ದರಿಂದ ಹೇಳುತ್ತೇನೆ. ಈ ಬಿಟ್ಟು ಬಿಟ್ಟು ಒರೆಸುವ ವೈಪರಿನ ಹಿಂದೆ ಇರುವುದು ನನ್ನ ಈಗಿನ ಊರಿನ ಕತೆ. ರಾಬರ್ಟ್ ಕರ್ನ್ಸ್ ಎಂಬ ಎಂಜಿನಿಯರ್ ಇಲ್ಲಿನ ವೇನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು. 1953ರಲ್ಲಿ, ಮದುವೆಯ ರಾತ್ರಿ, ಶಾಂಪೇನ್ ಬಾಟಲಿಯ ಬಿರಡೆ ಹಾರಿ ಅವರ ಎಡಗಣ್ಣಿಗೆ ಬಡಿದು ಆ ಕಣ್ಣಿನ ದೃಷ್ಟಿ ಬಹುತೇಕ ಹೋಯಿತು. ಮುಂದೆ ಮಳೆಯಲ್ಲಿ ಕಾರು ಓಡಿಸುವಾಗ ವೈಪರಿನ ನಿಲ್ಲದ ಓಡಾಟ ಕಣ್ಣಿಗೆ ಹಿಂಸೆಯಾಗುತ್ತಿತ್ತು. ಕಣ್ಣಿನ ರೆಪ್ಪೆ ಬೇಕಾದಾಗ ಮಾತ್ರ ಮಿಟುಕುತ್ತದೆ, ವೈಪರ್ ಏಕೆ ಹಾಗೆ ಮಿಟುಕಬಾರದು ಎಂದು ಅವರು ಯೋಚಿಸಿದರು. ತಮ್ಮ ಫೋರ್ಡ್ ಗ್ಯಾಲಕ್ಸಿ ಕಾರಿಗೆ ಜೋಡಿಸಿ ಕಂಪನಿಯವರಿಗೆ ತೋರಿಸಿದರು. 1964ರಲ್ಲಿ ಪೇಟೆಂಟಿಗೆ ಅರ್ಜಿ, 1967ರಲ್ಲಿ ಪೇಟೆಂಟ್. ಫೋರ್ಡ್ ಅವರೊಂದಿಗೆ ಒಪ್ಪಂದ ಮಾಡಿಕೊಳ್ಳಲಿಲ್ಲ, ಆದರೆ 1969ರಲ್ಲಿ ಇಂಥ ವೈಪರ್ ಇರುವ ಕಾರು ಹೊರತಂದಿತು. 1978ರಲ್ಲಿ ಕರ್ನ್ಸ್ ಮೊಕದ್ದಮೆ ಹೂಡಿದರು. 1990ರಲ್ಲಿ 1 ಕೋಟಿ 2 ಲಕ್ಷ ಡಾಲರಿಗೆ ರಾಜಿಯಾಯಿತು. ಆಮೇಲೆ ಕ್ರೈಸ್ಲರ್ ಮೇಲೆ ನಡೆದ ದಾವೆಯಲ್ಲಿ ವಕೀಲರನ್ನು ಬಿಟ್ಟು ತಾವೇ ವಾದಿಸಿ ಗೆದ್ದರು.

ಮೂಲರೂಪ

ಕತೆ ಚೆನ್ನಾಗಿದೆ, ಅರ್ಧ ಮಾತ್ರ ಹೇಳಿದ್ದೀರಿ. ಫೋರ್ಡಿನ ಎಂಜಿನಿಯರುಗಳೂ ಆಗ ಅದೇ ಕೆಲಸದಲ್ಲಿದ್ದರು, ನಿರ್ವಾತದಿಂದ ನಡೆಯುವ ಬಗೆಯಲ್ಲಿ. ಕರ್ನ್ಸ್ ಅದನ್ನು ಟ್ರಾನ್ಸಿಸ್ಟರ್, ಕೆಪಾಸಿಟರ್, ರೆಸಿಸ್ಟರ್ ಇಟ್ಟು ಮಾಡಿದರು. ಫೋರ್ಡ್ ಉದ್ದೇಶಪೂರ್ವಕವಾಗಿ ಕದ್ದಿತು ಎಂದು ಜ್ಯೂರಿ ಹೇಳಲಿಲ್ಲ, ಪೇಟೆಂಟಿನ ಉಲ್ಲಂಘನೆ ಆಗಿದೆ ಎಂದು ಮಾತ್ರ ಹೇಳಿತು.

ಎಸ್ಪಿರೋಡ್_ಸರ್ಕ್ಯೂಟ್

ಕಂಪನಿಗಳ ವಾದವೂ ಅಲ್ಲೇ ಇತ್ತು: ಬಿಡಿಭಾಗ ಯಾವುದೂ ಹೊಸದಲ್ಲ, ಇದೆಂಥ ಆವಿಷ್ಕಾರ ಎಂದು. ನನ್ನ ಮೇಜಿನ ಮೇಲೆ ಈಗ ಬಿದ್ದಿರುವುದೂ ಅವೇ. ಬಿಡಿಭಾಗ ಹಳೆಯದಾದರೆ ಜೋಡಣೆಯೂ ಹಳೆಯದೇ ಎನ್ನುವುದಾದರೆ ನಿಘಂಟು ಇರುವವರೆಗೆ ಯಾರೂ ಹೊಸ ಪದ್ಯ ಬರೆಯುವಂತಿಲ್ಲ.

ಕಾಫಿತೋಟದ_ಜೀಪು

ವೈಪರಿನ ಮೊದಮೊದಲ ಪೇಟೆಂಟುಗಳಲ್ಲಿ ಒಂದನ್ನು ಪಡೆದವರು ಒಬ್ಬ ಹೆಂಗಸು, ಅದನ್ನು ಹೇಳಲಿಲ್ಲ. ಅಲಬಾಮಾದ ಮೇರಿ ಆಂಡರ್ಸನ್, 1903. ನ್ಯೂಯಾರ್ಕಿನಲ್ಲಿ ಟ್ರಾಮಿನ ಚಾಲಕ ಹಿಮದಲ್ಲಿ ಗಾಜು ತೆರೆದುಕೊಂಡು ಓಡಿಸುವುದನ್ನು ಕಂಡು, ಒಳಗಿನಿಂದಲೇ ಸನ್ನೆ ಎಳೆದು ಒರೆಸುವ ಏರ್ಪಾಟು ಮಾಡಿದರು. ಆಕೆಗೆ ಅದರಿಂದ ಹಣವೇನೂ ಬರಲಿಲ್ಲ. ನನ್ನ ಜೀಪಿಗೆ ಹಾಗೆ ಕೈಯಿಂದ ಎಳೆಯುವ ಸನ್ನೆಯಿದ್ದರೆ ಸಾಕಿತ್ತು.

ತೀರ್ಥಹಳ್ಳಿ_ಪದ್ಮಿನಿ · ಬುಧವಾರ

ಮೋಟರು ಬಿಚ್ಚಿದೆ. ಒಳಗಿನ ಗ್ರೀಸು ಹಳೆಯ ಮೇಣದಂತೆ ಗಟ್ಟಿಯಾಗಿತ್ತು. ಐದು ವೈರುಗಳಿವೆ. ಅದರಲ್ಲಿ ಕೆಲಸ ಮಾಡುತ್ತಿರುವುದು ಎರಡೇ, ಒಂದು ಸ್ವಿಚ್ಚಿನಿಂದ ಬರುವುದು, ಇನ್ನೊಂದು ಬಾಡಿಗೆ. ಉಳಿದ ಮೂರನ್ನು ಯಾರೋ ಒಟ್ಟಿಗೆ ಮಡಚಿ ಕಪ್ಪು ಟೇಪು ಸುತ್ತಿ ಇಟ್ಟಿದ್ದಾರೆ.

ಹಳೇ_ಗ್ಯಾರೇಜ್

ಐದು ವೈರೇ? ಅದು ನಿಮ್ಮ ಕಾರಿನ ಜೊತೆ ಬಂದ ಮೋಟರಲ್ಲ. ತಂದೆಯವರನ್ನು ಕೇಳಿ.

ತೀರ್ಥಹಳ್ಳಿ_ಪದ್ಮಿನಿ

ಕೇಳಿದೆ. 1994ರಲ್ಲಿ ಮಳೆಗಾಲದ ನಡುವೆ ಹಳೆಯ ಮೋಟರು ಸುಟ್ಟು ಹೋಯಿತಂತೆ. ಅಂಗಡಿಯಲ್ಲಿ ಇದ್ದದ್ದನ್ನು ಹಾಕಿ ಕೊಟ್ಟರಂತೆ. ಯಾವ ಕಾರಿನದು ಎಂದು ಅವರಿಗೂ ಗೊತ್ತಿಲ್ಲ. "ಆವತ್ತಿನಿಂದ ಅದು ನಡುವೆ ನಿಲ್ಲುತ್ತದೆ. ನಾನು ಅಭ್ಯಾಸ ಮಾಡಿಕೊಂಡೆ" ಎಂದರು. ಅಂದರೆ ಮೂವತ್ತು ವರ್ಷಗಳಿಂದ ಟೈಮರ್ ಕೆಲಸದ ಜೊತೆಗೆ ಪಾರ್ಕಿಂಗ್ ಕೆಲಸವನ್ನೂ ಅವರ ಬೆರಳೇ ಮಾಡುತ್ತಿದೆ.

ಬಯಲುಸೀಮೆ

ಮೂಲರೂಪ ಸರ್, ಕುರ್ಲಾದಿಂದ ಬಂದಂತೆಯೇ ಎಂದಿರಿ?

ಮೂಲರೂಪ

ಮೋಟರು ಬದಲಾಗಿರುವುದು ವಿಷಾದದ ಸಂಗತಿ. ಹಾಗೆಂದು ಇನ್ನಷ್ಟು ಕೆಡಿಸಲು ಅದು ಪರವಾನಗಿಯಲ್ಲ. ಸರಿಯಾದ ಮೋಟರು ಹುಡುಕಿದರೆ ಸಿಗುತ್ತದೆ.

ಎಸ್ಪಿರೋಡ್_ಸರ್ಕ್ಯೂಟ್

ಆ ಟೇಪಿನ ಒಳಗೆ ನಿಧಿ ಇದೆ! ಅಂಗಡಿಯವರಿಗೆ ಅವಸರವಿತ್ತು, ಹೇಗೋ ತಿರುಗಿದರೆ ಸಾಕೆಂದು ಎರಡು ವೈರು ಕಟ್ಟಿ ಕಳುಹಿಸಿದ್ದಾರೆ. ಉಳಿದ ಮೂರರಲ್ಲಿ ಎರಡು ಪಾರ್ಕಿಂಗಿಗೆ, ಒಂದು ಹೆಚ್ಚಿನ ವೇಗದ್ದು. ಅದಕ್ಕೆ ಮೋಟರಿನ ಒಳಗೆ ಮೂರನೆಯ ಬ್ರಷ್ ಇರುತ್ತದೆ.

ತೀರ್ಥಹಳ್ಳಿ_ಪದ್ಮಿನಿ · ಗುರುವಾರ ರಾತ್ರಿ

ಮಲ್ಟಿಮೀಟರ್ ಇಟ್ಟು ಪಾರ್ಕಿಂಗ್ ವೈರನ್ನು ಕಂಡುಹಿಡಿದೆ. ಅದನ್ನು ಮೋಟರಿನ ಮಾಮೂಲಿ ವೈರಿಗೆ ಸೇರಿಸಿ ಬಿಟ್ಟರೆ ಪಾರ್ಕಿಂಗ್ ಬರಬೇಕಲ್ಲ ಎಂದುಕೊಂಡು ಹಾಗೆಯೇ ಮಾಡಿದೆ. ಸ್ವಿಚ್ಚು ಒತ್ತಿದ ಕ್ಷಣ ಫ್ಯೂಸು ಪಟ್ ಎಂದಿತು. ಇನ್ನೊಂದು ಹಾಕಿದೆ, ಅದೂ ಹೋಯಿತು. ಮೂರನೆಯದನ್ನು ಹಾಕುವ ಮೊದಲು ಇಲ್ಲಿ ಕೇಳುತ್ತಿದ್ದೇನೆ.

ಹಳೇ_ಗ್ಯಾರೇಜ್

ಮೊದಲನೆಯದಕ್ಕೇ ಕೇಳಬೇಕಿತ್ತು. ಹೋಗಲಿ, ಫ್ಯೂಸಿನ ಬದಲು ಬೆಳ್ಳಿ ಕಾಗದ ಸುತ್ತಲಿಲ್ಲವಲ್ಲ, ಅದೇ ದೊಡ್ಡದು.

ಹೀಗೆ ನೋಡಿ. ಪಾರ್ಕಿಂಗ್ ಸಂಪರ್ಕಕ್ಕೆ ಎರಡು ಮುಖ. ಕಡ್ಡಿ ಗಾಜಿನ ಮೇಲಿರುವಾಗ ಆ ವೈರಿನಲ್ಲಿ 12 ವೋಲ್ಟ್ ಇರುತ್ತದೆ. ಕಡ್ಡಿ ಕೆಳಗೆ ಬಂದು ಕುಳಿತಾಗ ಅದೇ ವೈರು ಬಾಡಿಗೆ, ಅಂದರೆ ಅರ್ಥಿಗೆ, ಸೇರುತ್ತದೆ. ಹಾಗೇಕೆ? ಮೋಟರು ಜೋರಿನಲ್ಲಿರುತ್ತದೆ, ಕರೆಂಟು ತೆಗೆದರೂ ಸ್ವಲ್ಪ ಮುಂದೆ ಉರುಳುತ್ತದೆ. ಅದರ ಎರಡು ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿದರೆ ಅದೇ ಬ್ರೇಕು, ಇದ್ದಲ್ಲೇ ನಿಲ್ಲುತ್ತದೆ. ಈಗ ನೀವು ಮಾಡಿದ್ದು ಏನು? ಕಡ್ಡಿ ಕೆಳಗೆ ಕುಳಿತಿದೆ, ಪಾರ್ಕಿಂಗ್ ವೈರು ಅರ್ಥಿನಲ್ಲಿದೆ, ನೀವು ಸ್ವಿಚ್ಚಿನಿಂದ 12 ವೋಲ್ಟನ್ನು ಅದೇ ಗಂಟಿಗೆ ಕೊಟ್ಟಿರಿ. ಬ್ಯಾಟರಿಯ ಎರಡು ತುದಿಗೆ ನೇರ ತಂತಿ ಕಟ್ಟಿದ ಹಾಗೆ.

ಮೋಟರಿನ ವೈರು ಒಂದು ಸಲಕ್ಕೆ ಒಂದೇ ಕಡೆ ಇರಬೇಕು: ಓಡುವಾಗ 12 ವೋಲ್ಟಿಗೆ, ಬಿಟ್ಟಾಗ ಪಾರ್ಕಿಂಗ್ ವೈರಿಗೆ. ಎರಡೂ ಒಟ್ಟಿಗೆ ಎಂದೂ ಇಲ್ಲ. ಟೈಮರ್ ರಿಲೇಯನ್ನು ಸ್ವಿಚ್ಚಿಗೆ ಪಕ್ಕದಲ್ಲಿ ಸುಮ್ಮನೆ ಜೋಡಿಸಿ ಎಂದು ಹೇಳುವವರೂ ನಿಮ್ಮನ್ನು ಇದೇ ಗುಂಡಿಗೆ ಬೀಳಿಸುತ್ತಾರೆ.

ಡೆಟ್ರಾಯ್ಟ್_ಕನ್ನಡಿಗ

ಇದಕ್ಕೆ ಐದು ಕಾಲಿನ ರಿಲೇ ತನ್ನಿ, ಕಾರಿನ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಮಾಮೂಲಿಯದು. ಕಾಲುಗಳ ಮೇಲೆ ಸಂಖ್ಯೆ ಇರುತ್ತದೆ. 30ಕ್ಕೆ ಮೋಟರಿನ ನಿಧಾನ ವೇಗದ ವೈರು. 87ಎಗೆ ಪಾರ್ಕಿಂಗ್ ವೈರು. 87ಕ್ಕೆ ಫ್ಯೂಸು ದಾಟಿ ಬಂದ 12 ವೋಲ್ಟ್. ರಿಲೇ ಸುಮ್ಮನಿದ್ದಾಗ 30 ಮತ್ತು 87ಎ ಜೊತೆಗಿರುತ್ತವೆ, ಎಳೆದಾಗ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. ಮೋಟರಿನ ಇನ್ನೊಂದು ಟೇಪು ಸುತ್ತಿದ ವೈರಿಗೂ ಅದೇ ಫ್ಯೂಸಿನಿಂದ 12 ವೋಲ್ಟ್ ಕೊಡಿ, ಪಾರ್ಕಿಂಗಿಗೆ ಆಹಾರ ಅಲ್ಲಿಂದಲೇ. ನಿಮ್ಮ ಹಳೆಯ ಸ್ವಿಚ್ಚು ಇನ್ನು ಮುಂದೆ ಮೋಟರನ್ನು ಮುಟ್ಟುವುದಿಲ್ಲ. ಅದರ ವೈರೂ 555ರ ಹೊರದಾರಿಯೂ ಒಂದೊಂದು ಡಯೋಡ್ ಮತ್ತು ರೆಸಿಸ್ಟರ್ ದಾಟಿ ಅದೇ ಟ್ರಾನ್ಸಿಸ್ಟರಿಗೆ ಹೋಗಲಿ. ಸ್ವಿಚ್ಚು ಹಾಕಿದರೆ ನಿರಂತರ, ಟೈಮರ್ ಹಾಕಿದರೆ ಬಿಟ್ಟು ಬಿಟ್ಟು. ಡ್ಯಾಶ್‌ಬೋರ್ಡಿನಲ್ಲಿ ಹೊರಗೆ ಏನೂ ಬದಲಾಗುವುದಿಲ್ಲ.

ಅಂಬಿ_ಮೈಸೂರು

ಇದನ್ನೇ ನನ್ನ ಹಳೆಯ ಅಂಬಾಸಿಡರಿಗೆ ಮಾಡಬಹುದೇ? ಅದರದು ಲ್ಯೂಕಸ್ ಮೋಟರು.

ಹಳೇ_ಗ್ಯಾರೇಜ್

ಹೀಗೆಯೇ ಮಾಡಬೇಡಿ. ಬ್ರಿಟಿಷ್ ವಂಶದ ಆ ಕಾಲದ ಮೋಟರುಗಳಲ್ಲಿ 12 ವೋಲ್ಟು ಮೋಟರಿಗೆ ನೇರ ಹೋಗಿರುತ್ತದೆ, ಸ್ವಿಚ್ಚು ಇರುವುದು ಅರ್ಥಿನ ಕಡೆ. ಪಾರ್ಕಿಂಗ್ ಸಂಪರ್ಕವೂ ಸ್ವಿಚ್ಚಿನ ಪಕ್ಕದಲ್ಲಿ ಅರ್ಥಿಗೇ ಸೇರಿರುತ್ತದೆ. ನಿಮಗೆ ಕೆಲಸ ಇನ್ನೂ ಸುಲಭ, ಸ್ವಿಚ್ಚಿನ ವೈರನ್ನು ರಿಲೇ ಒಂದು ಕ್ಷಣ ಅರ್ಥಿಗೆ ಮುಟ್ಟಿಸಿ ಬಿಟ್ಟರೆ ಸಾಕು. ಆದರೆ ಅದಕ್ಕೂ ಮೊದಲು ಬ್ಯಾಟರಿ ನೋಡಿ. ಬಾಡಿಗೆ ಕಟ್ಟಿರುವುದು ಮೈನಸ್ಸೋ ಪ್ಲಸ್ಸೋ? ಬ್ರಿಟಿಷ್ ಮೂಲದ ಹಳೆಯ ಗಾಡಿಗಳಲ್ಲಿ ಪ್ಲಸ್ಸನ್ನು ಬಾಡಿಗೆ ಕಟ್ಟುತ್ತಿದ್ದರು. ಅಲ್ಲಿ ಈ ಬೋರ್ಡನ್ನು ಮಾಮೂಲಿನಂತೆ ಜೋಡಿಸಿದರೆ ಕೆಪಾಸಿಟರ್ ಪಟಾಕಿಯಾಗುತ್ತದೆ.

ಅಂಬಿ_ಮೈಸೂರು

ನೋಡಿ ಬಂದೆ. ಪ್ಲಸ್ಸೇ ಬಾಡಿಗೆ! ಇಷ್ಟು ವರ್ಷ ಓಡಿಸಿದ್ದೇನೆ, ಗಮನಿಸಿಯೇ ಇರಲಿಲ್ಲ. ಮೊಬೈಲ್ ಚಾರ್ಜರ್ ಎರಡು ಸಲ ಸುಟ್ಟದ್ದು ಇದಕ್ಕೇ ಇರಬೇಕು.

ಸೋನೆಮಳೆ

ಫಿಟ್ನೆಸ್ ಪ್ರಮಾಣಪತ್ರಕ್ಕೆ ಹೋದಾಗ ಇದರಿಂದ ತೊಂದರೆ ಬರುವುದಿಲ್ಲವೇ?

ಬಯಲುಸೀಮೆ

ವೈಪರ್ ನಡೆಯುತ್ತದೆಯೇ ಎಂದು ನೋಡುತ್ತಾರೆ. ಯೋಚಿಸಿ ನಡೆಯುತ್ತದೆಯೇ ಎಂದು ನೋಡುವುದಿಲ್ಲ.

ಮೂಲರೂಪ

ಒಂದು ಮಾತು ಒಪ್ಪುತ್ತೇನೆ. ಒಣಗಿದ ಗಾಜಿನ ಮೇಲೆ ರಬ್ಬರು ಎಳೆದಾಡಿದರೆ ನಡುವೆ ಸಿಕ್ಕ ಮಣ್ಣಿನ ಕಣ ಗಾಜಿಗೆ ಗೆರೆ ಎಳೆಯುತ್ತದೆ. ಪದ್ಮಿನಿಯ ಹಳೆಯ ಗಾಜು ಈಗ ಸುಲಭವಾಗಿ ಸಿಗುವ ವಸ್ತುವಲ್ಲ. ಗಾಜು ಉಳಿಸುವುದಕ್ಕಾಗಿ ಟೈಮರ್ ಹಾಕುತ್ತೀರಿ ಎಂದಾದರೆ, ಕಾರ್ಖಾನೆಯ ವೈರನ್ನು ಒಂದನ್ನೂ ಕತ್ತರಿಸಬೇಡಿ. ಎಲ್ಲವನ್ನೂ ಕ್ಲಿಪ್ಪಿನಲ್ಲಿ ಸೇರಿಸಿ, ಬೇಕೆಂದಾಗ ಬಿಚ್ಚಿ ಮೊದಲಿನಂತೆ ಮಾಡುವ ಹಾಗಿರಲಿ.

ಹಳೇ_ಗ್ಯಾರೇಜ್

ಇದು ನ್ಯಾಯವಾದ ಮಾತು. ಗ್ರೀಸು ಹೊಸದು ಹಾಕಿ, ಪಾರ್ಕಿಂಗ್ ತಟ್ಟೆಯನ್ನು ನುಣುಪಾದ ಎಮರಿ ಕಾಗದದಲ್ಲಿ ಎರಡೇ ಸಲ ಉಜ್ಜಿ. ಜಾಸ್ತಿ ಉಜ್ಜಿದರೆ ತಾಮ್ರವೇ ಉಳಿಯುವುದಿಲ್ಲ. ಪರೀಕ್ಷೆ ಮಾಡುವಾಗ ಗಾಜಿಗೆ ನೀರು ಹಾಕಿಕೊಳ್ಳಿ.

ತೀರ್ಥಹಳ್ಳಿ_ಪದ್ಮಿನಿ · ಎರಡು ವಾರಗಳ ನಂತರ

ಆಯಿತು! ಎಸ್ಪಿರೋಡ್ ಅವರು ಬೋರ್ಡು ಬೆಸುಗೆ ಹಾಕಿ ಬಸ್ಸಿನಲ್ಲಿ ಕಳುಹಿಸಿದರು, ಎಸ್‌ಎಲ್100 ಹಾಕಿಯೇ. ದುಡ್ಡು ಕೇಳಿದರೆ ಅಪ್ಪೆಮಿಡಿ ಉಪ್ಪಿನಕಾಯಿ ಕಳುಹಿಸಿ ಎಂದರು, ಕಳುಹಿಸಿದ್ದೇನೆ. ಒಂದು ವೈರನ್ನೂ ಕತ್ತರಿಸಿಲ್ಲ, ಮೂಲರೂಪ ಸರ್. ಟೈಮರಿನ ತಿರುಪನ್ನು ಡ್ಯಾಶ್‌ಬೋರ್ಡಿನ ಕೆಳಗೆ, ಹೊರಗೆ ಕಾಣದಂತೆ, ತಗಡಿನ ಪಟ್ಟಿಗೆ ಕಟ್ಟಿದ್ದೇನೆ. ಆರಿಸಿದರೆ ಕಡ್ಡಿ ತಾನಾಗಿ ಕೆಳಗೆ ಬಂದು ಕೂರುತ್ತದೆ. ಮೊದಲ ಸಲ ನೋಡಿದಾಗ ನಾನು ಕಾರಿನಿಂದ ಇಳಿದು ಹೊರಗೆ ನಿಂತು ಇನ್ನೊಮ್ಮೆ ನೋಡಿದೆ.

ನಿನ್ನೆ ಆಗುಂಬೆ ಘಾಟಿಗೆ ಹೋಗಿ ಬಂದೆವು. ಸೋನೆ ಇತ್ತು. ಮೊದಲ ನಾಲ್ಕೈದು ಕಿಲೋಮೀಟರ್ ಅಪ್ಪಯ್ಯನ ಬೆರಳು ಹಳೆಯ ಸ್ವಿಚ್ಚಿನ ಮೇಲೆಯೇ ಇತ್ತು. ವೈಪರ್ ತಾನಾಗಿ ಒರೆಸಿದಾಗಲೆಲ್ಲ ಬೆರಳು ಸುಮ್ಮನೆ ಒಂದು ಸಲ ಅದುರುತ್ತಿತ್ತು. ಘಾಟಿಯ ತಿರುವು ಶುರುವಾದ ಮೇಲೆ ಎರಡೂ ಕೈ ಸ್ಟಿಯರಿಂಗಿಗೆ ಬಂದವು. ಹೇಗಿದೆ ಎಂದು ಕೇಳಿದೆ. "ಹನಿ ಬೀಳದಿದ್ದರೂ ಒರೆಸುತ್ತದಲ್ಲ, ಅದಕ್ಕೆ ಕಣ್ಣಿಲ್ಲವೇ?" ಎಂದರು.

ಡೆಟ್ರಾಯ್ಟ್_ಕನ್ನಡಿಗ

ಕಣ್ಣಿರುವ ವೈಪರುಗಳೂ ಬಂದಿವೆ. ಗಾಜಿನ ಒಳಗಿನಿಂದ ಕಾಣದ ಬೆಳಕು ಬಿಟ್ಟು, ಹನಿ ಬಿದ್ದಾಗ ಎಷ್ಟು ಬೆಳಕು ಹಿಂದಿರುಗಲಿಲ್ಲ ಎಂದು ಅಳೆಯುತ್ತವೆ. ಹಾಕೋಣವೇ?

ಮೂಲರೂಪ

ಬೇಡ!

ಹಳೇ_ಗ್ಯಾರೇಜ್

ಸಂತೋಷವಾಯಿತು. ಹೆಚ್ಚಿನ ವೇಗದ ವೈರು ಏನು ಮಾಡಿದಿರಿ?

ತೀರ್ಥಹಳ್ಳಿ_ಪದ್ಮಿನಿ

ಅದಕ್ಕೆ ಮತ್ತೆ ಟೇಪು ಸುತ್ತಿ ಇಟ್ಟಿದ್ದೇನೆ. ಸ್ವಿಚ್ಚು ಇನ್ನೊಂದು ಬೇಕಾಗುತ್ತದೆ, ತೂತು ಕೊರೆಯುವಂತಿಲ್ಲ.

ಈಗ ಬೇರೆ ಸಮಸ್ಯೆ. ಇಳಿಯುವಾಗ ಅಪ್ಪಯ್ಯನ ಪಂಚೆ ಕೆಳಗಿನ ತಿರುಪಿಗೆ ತಗುಲಿ ಅದು ಪೂರ್ತಿ ತಿರುಗಿಬಿಡುತ್ತದೆ. ಮಾರನೆಯ ದಿನ ಹತ್ತಿ ಕುಳಿತರೆ ವೈಪರ್ ಒಂದೂವರೆ ಸೆಕೆಂಡಿಗೊಮ್ಮೆ ಬಡಿದುಕೊಳ್ಳುತ್ತದೆ. ತಿರುಪಿಗೆ ಮುಚ್ಚಳ ಹಾಕುವುದೋ, ಜಾಗ ಬದಲಿಸುವುದೋ?

ಕಾಫಿತೋಟದ_ಜೀಪು

ಪ್ಯಾಂಟು ಹೊಲಿಸಿ ಕೊಡಿ.

ತೀರ್ಥಹಳ್ಳಿ_ಪದ್ಮಿನಿ

ಕಾರನ್ನು ಬೇಕಾದರೆ ಬದಲಿಸುತ್ತಾರೆ ಸರ್, ಪಂಚೆಯನ್ನು ಬದಲಿಸುವವರಲ್ಲ.